ಕಾಂಟ್ರಾಸ್ಟ್ ಇಲ್ಲದೆ ಕಾಲಿನ ಎಂಆರ್ ಆಂಜಿಯೋ: ಯಾವ ಕಾಲಿಗೆ ಯಾವ ಸೀಕ್ವೆನ್ಸ್?

ಪುಣೆ, ಠಾಣೆ, ಮಡಗಾಂವ್ ಕಡೆ ಎಂಆರ್‌ಐ ಟೆಕ್ನಿಷಿಯನ್ ಆಗಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಮೆಸೇಜ್ ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಫಾರಂ ಮೇಲೆ 'ಕಾಲಿನ ಆಂಜಿಯೋ, ಕ್ರಿಯಾಟಿನಿನ್ ಜಾಸ್ತಿ, ಕಾಂಟ್ರಾಸ್ಟ್ ಬೇಡ' ಅಂತ ಬರೆದಿರುತ್ತದೆ. ಅಂದರೆ ಕಾಲಿನ ರಕ್ತನಾಳದ ಚಿತ್ರ ಬೇಕು, ಕಿಡ್ನಿ ಸರಿಯಿಲ್ಲ, ನಾಳ ಎದ್ದು ಕಾಣಲು ಕೊಡುವ ಇಂಜೆಕ್ಷನ್ (ಕಾಂಟ್ರಾಸ್ಟ್) ಬೇಡ. ಮೆಷಿನ್‌ನಲ್ಲಿ ಚಿತ್ರ ತೆಗೆಯುವ ವಿಧಾನ, ಅಂದರೆ ಸೀಕ್ವೆನ್ಸ್, ಮೂರು ಇವೆ: ಟಿಓಎಫ್ (ಟೈಮ್ ಆಫ್ ಫ್ಲೈಟ್) ಇದೆ, ಎಫ್‌ಬಿಐ (ಫ್ರೆಶ್ ಬ್ಲಡ್ ಇಮೇಜಿಂಗ್) ಜಾತಿಯದೊಂದು ಇದೆ, ಕ್ವಿಸ್ (ಕ್ವಿಯೆಸೆಂಟ್ ಇಂಟರ್ವಲ್ ಸಿಂಗಲ್ ಶಾಟ್) ಕೂಡ ಇದೆ. ಯಾವುದರಲ್ಲಿ ಆರ್ಟಿಫ್ಯಾಕ್ಟ್ (ಕಾಲಿನಲ್ಲಿ ಇಲ್ಲದೆ ಚಿತ್ರದಲ್ಲಿ ಮಾತ್ರ ಕಾಣುವ ದೋಷ) ಕಡಿಮೆ?

ನಾನು ಮುಂಬೈಯಲ್ಲಿ ಇದೇ ಕೆಲಸ ಮಾಡುತ್ತೇನೆ. ನನ್ನ ಉತ್ತರ ಇಷ್ಟು: ಸೀಕ್ವೆನ್ಸ್ ಆರಿಸುವ ಮೊದಲು ಟೇಬಲ್ ಮೇಲೆ ಮಲಗುವವರನ್ನು ನೋಡಿ. ಒಬ್ಬರ ಕಾಲಿಗೆ ಚೆಂದವಾಗಿ ಬರುವ ಸೀಕ್ವೆನ್ಸ್ ಇನ್ನೊಬ್ಬರ ಕಾಲಿನಲ್ಲಿ ಇಲ್ಲದ ಬ್ಲಾಕ್ ತೋರಿಸುತ್ತದೆ. ಇದು ಸಣ್ಣ ವಿಷಯ ಅಲ್ಲ. ಆರ್ಟಿಫ್ಯಾಕ್ಟನ್ನು ಬ್ಲಾಕ್ ಅಂದುಕೊಂಡರೆ ಒಬ್ಬರಿಗೆ ಬೇಡದ ಆಂಜಿಯೋಗ್ರಫಿ (ನಾಳಕ್ಕೆ ಟ್ಯೂಬ್ ತೂರಿಸುವ ಪರೀಕ್ಷೆ) ಆಗುತ್ತದೆ. ಚೆನ್ನಾಗಿರುವ ಆರ್ಟರಿ (ಹೃದಯದಿಂದ ರಕ್ತ ತರುವ ನಾಳ) ಚಿತ್ರದಲ್ಲಿ ಕಾಣದೆ ಹೋದರೆ ಇನ್ನೂ ಕಷ್ಟ. ಬೈಪಾಸ್ ಜೋಡಿಸಲು ಕೆಳಗೆ ಆರ್ಟರಿಯೇ ಇಲ್ಲ ಅಂತ ಸರ್ಜನ್ ಅಂದುಕೊಳ್ಳಬಹುದು. ಅಲ್ಲಿ ಒಂದು ಕಾಲಿನ ಪ್ರಶ್ನೆ ಇರುತ್ತದೆ.

ಕಾಂಟ್ರಾಸ್ಟ್ ಯಾಕೆ ಬಿಡುತ್ತಾರೆ ಅಂತ ಮನೆಯವರೂ ಕೇಳುತ್ತಾರೆ. ಕಿಡ್ನಿ ತೀರಾ ಕೆಟ್ಟವರಲ್ಲಿ ಗ್ಯಾಡೊಲಿನಿಯಂ ಕಾಂಟ್ರಾಸ್ಟ್‌ಗೂ ಚರ್ಮ ಗಟ್ಟಿಯಾಗುವ ಎನ್‌ಎಸ್‌ಎಫ್ ಕಾಯಿಲೆಗೂ ನಂಟು ಇದೆ ಅನ್ನುವುದು 2006ರಲ್ಲಿ ಗೊತ್ತಾಯಿತು. ಮುಖ್ಯವಾಗಿ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ಅಳತೆ) 30ಕ್ಕಿಂತ ಕೆಳಗಿದ್ದವರ ಬಗ್ಗೆ ಆ ಎಚ್ಚರಿಕೆ. ಈಗಿನ ಹೊಸ ಬಗೆಯ ಗ್ಯಾಡೊಲಿನಿಯಂನಲ್ಲಿ ಆ ಅಪಾಯ ಬಹಳ ಕಡಿಮೆ. ಹಾಗಾಗಿ ಕಾಂಟ್ರಾಸ್ಟ್ ಇಲ್ಲದ ಚಿತ್ರ ಕೈಕೊಟ್ಟರೆ ದಾರಿ ಮುಚ್ಚಿತು ಅಂತಲ್ಲ. ಆ ತೀರ್ಮಾನ ಡಾಕ್ಟರದು.

ಮೊದಲು ಏನೇನು ನೋಡಬೇಕು

ನಾಡಿ ಮೊದಲು. ಬಡಿತ ಒಂದೇ ಸಮನಾಗಿದೆಯಾ, ನಿಮಿಷಕ್ಕೆ ಎಷ್ಟು? ಆಮೇಲೆ, ಕಾಲು ಚಾಚಿ ಎಷ್ಟು ಹೊತ್ತು ಅಲುಗಾಡದೆ ಮಲಗಬಲ್ಲರು? ಮೂರನೆಯದು ಡಾಪ್ಲರ್ (ಅಲ್ಟ್ರಾಸೌಂಡ್‌ನಲ್ಲಿ ರಕ್ತದ ಓಟ ನೋಡುವ ಪರೀಕ್ಷೆ) ರಿಪೋರ್ಟ್. ಅದನ್ನು ಓದದೆ ಶುರು ಮಾಡಬೇಡಿ. ಯಾವ ಕಾಲಿನಲ್ಲಿ ರಕ್ತ ನಿಧಾನ, ಎಲ್ಲಿ ಮೊನೋಫೇಸಿಕ್ (ಬಡಿತಕ್ಕೆ ಒಂದೇ ಮೆದು ಅಲೆ, ಮೇಲೆ ಬ್ಲಾಕ್ ಇರುವ ಸೂಚನೆ), ಎಲ್ಲಿಂದ ಅಡ್ಡನಾಳಗಳ ಮೂಲಕ ತುಂಬಿಕೊಳ್ಳುತ್ತಿದೆ ಅನ್ನುವುದೆಲ್ಲ ಅಲ್ಲೇ ಇರುತ್ತದೆ. ಪಾದದಲ್ಲಿ ಹುಣ್ಣು ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ, ಕಾರಣ ಆಮೇಲೆ ಹೇಳುತ್ತೇನೆ. ಸ್ಟೆಂಟ್, ಮಂಡಿ ಬದಲಾಯಿಸಿದ ಲೋಹ, ರಾಡ್, ಸ್ಕ್ರೂ ಎಲ್ಲಿದೆ? ಕೊನೆಗೆ, ಡಾಕ್ಟರಿಗೆ ನಿಜವಾಗಿ ಬೇಕಾಗಿರುವುದು ಯಾವ ಭಾಗ? ಸೊಂಟದಿಂದ ಪಾದದವರೆಗೂ ಬೇಕಾ, ಇಲ್ಲ ಮೀನಖಂಡ ಸಾಕಾ?

ಇಷ್ಟು ತಿಳಿಯಲು ಐದು ನಿಮಿಷ ಸಾಕು. ಆಯ್ಕೆಯ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಕ್ವಿಸ್: ಮೊದಲು ಕೈಹಾಕುವುದು ಇದಕ್ಕೇ

2010ರಲ್ಲಿ ರಾಬರ್ಟ್ ಎಡೆಲ್ಮನ್ ಮತ್ತು ಅವರ ಜೊತೆಯವರು ಪ್ರಕಟಿಸಿದ ವಿಧಾನ ಇದು. ಈಸಿಜಿಯಿಂದ ಬಡಿತ ಹಿಡಿದು, ಒಂದು ಬಡಿತಕ್ಕೆ ಒಂದು ಸ್ಲೈಸ್ (ಕಾಲಿನ ಒಂದು ಅಡ್ಡ ಹೋಳು). ಮೊದಲು ಆ ಸ್ಲೈಸ್‌ನಲ್ಲಿರುವ ಎಲ್ಲದರ ಸಿಗ್ನಲ್ ಅಳಿಸುತ್ತದೆ. ಕೆಳಗಿನಿಂದ ಬರುವ ವೇನ್ (ಹೃದಯಕ್ಕೆ ವಾಪಸ್ ಹೋಗುವ ನಾಳ) ರಕ್ತವನ್ನೂ ಒಂದು ಸ್ಯಾಚುರೇಶನ್ ಬ್ಯಾಂಡ್ ಹಾಕಿ ಅಳಿಸುತ್ತದೆ. ಆಮೇಲೆ ಸುಮಾರು 230 ಮಿಲಿಸೆಕೆಂಡ್ ಸುಮ್ನೆ ಕಾಯುತ್ತದೆ. ಅಷ್ಟರಲ್ಲಿ ಹೃದಯ ದೂಡಿದ ಹೊಸ ರಕ್ತ ಸ್ಲೈಸ್ ಒಳಗೆ ಬಂದಿರುತ್ತದೆ. ರಕ್ತ ಶಾಂತವಾದ ಹೊತ್ತಿನಲ್ಲಿ ಚಿತ್ರ ತೆಗೆಯುತ್ತದೆ.

ಇಲ್ಲಿ ಒಂದು ಚಿತ್ರದಿಂದ ಇನ್ನೊಂದನ್ನು ಕಳೆಯುವ ಲೆಕ್ಕ ಇಲ್ಲ. ದೊಡ್ಡ ಲಾಭ ಅದೇ. ರೋಗಿ ನಡುವೆ ಒಮ್ಮೆ ಕಾಲು ಅಲುಗಿಸಿದರೆ ಆ ಒಂದೆರಡು ಸ್ಲೈಸ್ ಮಾತ್ರ ಕೆಡುತ್ತವೆ, ಉಳಿದದ್ದು ಉಳಿಯುತ್ತದೆ. ಸಮಯದ ಲೆಕ್ಕ ನೋಡಿ. ಸೊಂಟದಿಂದ ಪಾದಕ್ಕೆ 1 ಮೀಟರ್ ಅಂತ ಇಟ್ಟುಕೊಳ್ಳೋಣ. 3 ಮಿಲಿಮೀಟರ್ ಸ್ಲೈಸ್ ಆದರೆ ಸುಮಾರು 330 ಸ್ಲೈಸ್, ಅಂದರೆ 330 ಬಡಿತ. ನಿಮಿಷಕ್ಕೆ 70 ಬಡಿತವಾದರೆ ಬರೀ ಚಿತ್ರಕ್ಕೆ 5 ನಿಮಿಷವೂ ಬೇಡ. ಟೇಬಲ್ ಸರಿಯುವುದು, ಶಿಮ್ (ಮ್ಯಾಗ್ನೆಟ್‌ನ ಕ್ಷೇತ್ರ ಸಮ ಮಾಡುವುದು) ಎಲ್ಲ ಸೇರಿದರೂ ಹದಿನೈದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ.

ಕೆಡುವುದು ಎಲ್ಲಿ? ಒಂದು, ಮ್ಯಾಗ್ನೆಟ್‌ನ ಮಧ್ಯದಿಂದ ದೂರ ಹೋದಂತೆ. ಸ್ಟೇಷನ್‌ನ (ಟೇಬಲ್ ಒಂದು ಜಾಗದಲ್ಲಿ ನಿಂತಾಗ ತೆಗೆಯುವ ತುಂಡು) ಎರಡೂ ತುದಿಯಲ್ಲಿ ಆರ್ಟರಿ ಮಂಕಾಗುತ್ತದೆ, ಕೆಲವು ಸಲ ಕಪ್ಪು ಪಟ್ಟಿ ಬರುತ್ತದೆ. ಒಂದೇ ಸ್ಟೇಷನ್‌ನಲ್ಲಿ ಜಾಸ್ತಿ ಉದ್ದ ತುಂಬುವ ಆಸೆ ಬೇಡ. ಚಿಕ್ಕ ಸ್ಟೇಷನ್ ಮಾಡಿ, ಒಂದರ ಮೇಲೊಂದು ಸ್ವಲ್ಪ ಬರುವಂತೆ ಇಡಿ, ಪ್ರತಿ ಸ್ಟೇಷನ್‌ಗೂ ಶಿಮ್ ಮಾಡಿ. ಎರಡು, ಸೊಂಟದಲ್ಲಿ ಕರುಳಿನ ಗ್ಯಾಸ್ ಮತ್ತು ಉಸಿರು. ಆ ಸ್ಟೇಷನ್ ಮಾತ್ರ ಉಸಿರು ಹಿಡಿಸಿ ಮಾಡಿ. ಮೂರು, ಆರ್ಟರಿ ಅಡ್ಡಡ್ಡ ಓಡುವ ಜಾಗ. ಮಂಡಿಯ ಕೆಳಗೆ ಆಂಟೀರಿಯರ್ ಟಿಬಿಯಲ್ ಆರ್ಟರಿ ಹುಟ್ಟಿ ಮುಂದಕ್ಕೆ ತಿರುಗುವ ಕಡೆ, ವಯಸ್ಸಾದವರಲ್ಲಿ ಹಾವಿನ ಹಾಗೆ ಸುತ್ತಿಕೊಂಡ ಇಲಿಯಾಕ್ (ಸೊಂಟದ ಆರ್ಟರಿ). ಅಲ್ಲಿ ರಕ್ತ ಸ್ಲೈಸ್ ಒಳಗೇ ಓಡುತ್ತಾ ಇರುವುದರಿಂದ ಸಿಗ್ನಲ್ ಬೀಳುತ್ತದೆ. ಎರಡೂ ಕಾಲಿನಲ್ಲಿ ಒಂದೇ ಜಾಗದಲ್ಲಿ, ಒಂದೇ ತರಹ ಕಿರಿದಾಗಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ನಾಲ್ಕನೆಯದು ಬಡಿತದ ವೇಗ. ನಿಮಿಷಕ್ಕೆ 60 ಇದ್ದಾಗ ಒಂದು ಬಡಿತಕ್ಕೆ 1000 ಮಿಲಿಸೆಕೆಂಡ್ ಸಿಗುತ್ತದೆ. 100 ಆದರೆ 600 ಮಾತ್ರ. ಅಳಿಸುವುದು, ಕಾಯುವುದು, ತೆಗೆಯುವುದು ಅಷ್ಟರಲ್ಲಿ ಹಿಡಿಸುವುದಿಲ್ಲ. ಆಗ ಎರಡು ಬಡಿತಕ್ಕೆ ಒಂದು ಸ್ಲೈಸ್ ತೆಗೆಯಬೇಕು, ಸಮಯ ಜಾಸ್ತಿ ಆಗುತ್ತದೆ.

ಹೋದ ಜುಲೈಯ ಒಂದು ದಿನ ಹೇಳುತ್ತೇನೆ. ಡೊಂಬಿವಲಿಯಿಂದ ಒಬ್ಬರು ಬಂದಿದ್ದರು, ಹೋಟೆಲಿನಲ್ಲಿ ನಲವತ್ತು ವರ್ಷ ನಿಂತು ಕೆಲಸ ಮಾಡಿದವರು. ಮಳೆ, ಲೋಕಲ್‌ನಲ್ಲಿ ನೂಕುನುಗ್ಗಲು. ಕುರ್ಲಾ ಸೇತುವೆ ಹತ್ತುವಾಗ ಮೀನಖಂಡ ಹಿಡಿದುಕೊಂಡು ಎರಡು ಸಲ ನಿಂತಿದ್ದರಂತೆ. ಬಂದ ಕೂಡಲೇ ಲೀಡ್ ಹಾಕಿದರೆ ನಾಡಿ 98. ಬೆವರಿಗೆ ಎಲೆಕ್ಟ್ರೋಡ್ ಜಾರುತ್ತಿತ್ತು. ಎಲ್ಲ ತೆಗೆದು, ಹೊರಗೆ ಕೂರಿಸಿ, ಒಂದು ಲೋಟ ನೀರು ಕೊಟ್ಟೆ. ಇನ್ನೊಬ್ಬರ ಸ್ಕ್ಯಾನ್ ಮುಗಿಸಿ ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ 76. ಎದೆ ಒರೆಸಿ ಹೊಸ ಎಲೆಕ್ಟ್ರೋಡ್ ಹಾಕಿದ ಮೇಲೆ ಈಸಿಜಿ ಗೆರೆ ಗಟ್ಟಿಯಾಗಿ ನಿಂತಿತು. ಕ್ವಿಸ್ ಒಂದೇ ಸಲಕ್ಕೆ ಬಂತು. ಸಾಫ್ಟ್‌ವೇರ್‌ನಲ್ಲಿ ನಾನು ಏನೂ ಬದಲಿಸಿರಲಿಲ್ಲ.

3 ಟೆಸ್ಲಾ (ಟೆಸ್ಲಾ ಅಂದರೆ ಮ್ಯಾಗ್ನೆಟ್‌ನ ಬಲದ ಅಳತೆ) ಮೆಷಿನ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಕಾಂತಕ್ಷೇತ್ರದ ಏರುಪೇರು ಅಲ್ಲಿ 1.5ರ ಎರಡರಷ್ಟು ಕಾಡುತ್ತದೆ, ಈಸಿಜಿ ಗೆರೆಯೂ ಹೆಚ್ಚು ವಿರೂಪ ಆಗುತ್ತದೆ. ನಿಮ್ಮಲ್ಲಿ ಫ್ಲಾಶ್ ರೀಡೌಟ್ (ಆ ಏರುಪೇರಿಗೆ ಅಷ್ಟಾಗಿ ಕೆಡದೆ ಸಿಗ್ನಲ್ ಓದುವ ಬಗೆ) ಇರುವ ಕ್ವಿಸ್ ಇದ್ದರೆ ಅದನ್ನು ಹಾಕಿ. ಎರಡೂ ಮೆಷಿನ್ ಇರುವ ಕಡೆ ನಾನು ಕಾಲಿನ ಕ್ವಿಸ್ ಅನ್ನು 1.5ಕ್ಕೇ ಕಳಿಸುತ್ತೇನೆ. ಈಸಿಜಿ ಹಿಡಿಯದೆ ಬೆರಳಿನ ಪಲ್ಸ್ ಹಾಕಿದರೆ ನೆನಪಿಡಿ: ಬೆರಳಿಗೆ ನಾಡಿ ತಡವಾಗಿ ಬರುತ್ತದೆ. ಈಸಿಜಿಗೆ ಇಟ್ಟ ಡಿಲೇಯನ್ನು (ಬಡಿತ ಸಿಕ್ಕ ಮೇಲೆ ಮೆಷಿನ್ ಕಾಯುವ ಸಮಯ) ಹಾಗೇ ಬಿಟ್ಟರೆ ಎಲ್ಲವೂ ಹಿಂದೆ ಬೀಳುತ್ತದೆ. ಕಡಿಮೆ ಮಾಡಿ.

ಎಫ್‌ಬಿಐ: ಚಿತ್ರ ಚೆಂದ, ತಾಳ್ಮೆ ಬೇಕು

ಮಿತ್ಸುಯೆ ಮಿಯಾಜಾಕಿ ಮತ್ತು ಅವರ ತಂಡ 2000ದಲ್ಲಿ ಪ್ರಕಟಿಸಿದ್ದು. ತೋಷಿಬಾ ಮೆಷಿನ್‌ನಲ್ಲಿ ಬಂದಿದ್ದು, ಈಗ ಅದು ಕ್ಯಾನನ್. ಸೀಮೆನ್ಸ್‌ನಲ್ಲಿ ನೇಟಿವ್ ಸ್ಪೇಸ್, ಫಿಲಿಪ್ಸ್‌ನಲ್ಲಿ ಟ್ರಾನ್ಸ್, ಜಿಇಯಲ್ಲಿ ಡೆಲ್ಟಾಫ್ಲೋ. ಹೆಸರು ಬೇರೆ, ತತ್ವ ಒಂದೇ. ಹೃದಯ ದೂಡುವಾಗ ಆರ್ಟರಿಯಲ್ಲಿ ರಕ್ತ ಜೋರಾಗಿ ಓಡುತ್ತದೆ, ಚಿತ್ರದಲ್ಲಿ ಕಪ್ಪಾಗುತ್ತದೆ. ಹೃದಯ ಸಡಿಲವಾದಾಗ ರಕ್ತ ನಿಧಾನ, ಚಿತ್ರದಲ್ಲಿ ಬೆಳ್ಳಗೆ. ವೇನ್ ಎರಡರಲ್ಲೂ ಬೆಳ್ಳಗೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಆರ್ಟರಿ ಮಾತ್ರ ಉಳಿಯಬೇಕು.

ಉಳಿಯಬೇಕು ಅಂದೆ. ಇಲ್ಲಿ ಎರಡು ಅಪಾಯ.

ಮೊದಲನೆಯದು ಅಲುಗಾಟ. ಲಗ್ನಪತ್ರಿಕೆ ಅಚ್ಚು ಹಾಕುವಾಗ ಒಂದು ಬಣ್ಣ ಕೂದಲೆಳೆಯಷ್ಟು ಸರಿದರೆ ಅಕ್ಷರದ ಪಕ್ಕ ಇನ್ನೊಂದು ಗೆರೆ ಕಾಣುತ್ತದೆ, ಅಲ್ವಾ? ಇದೂ ಹಾಗೇ. ಎರಡು ಚಿತ್ರದ ನಡುವೆ ಕಾಲು ಒಂದೆರಡು ಮಿಲಿಮೀಟರ್ ಸರಿದರೂ ಚರ್ಮದ ಅಂಚು, ಕೊಬ್ಬಿನ ಅಂಚು, ವೇನ್‌ನ ಒಂದು ಬದಿ ಎಲ್ಲ ಬೆಳ್ಳಗೆ ಉಳಿದುಬಿಡುತ್ತದೆ.

ಎರಡನೆಯದು ಡಿಲೇ. ನನಗೆ ಇದು ಪಾಠವಾಗಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಗ ನಾನಿದ್ದ ಒಂದು ಸೆಂಟರ್‌ನಲ್ಲಿ. ರೋಗಿಗೆ ಎಡಗಡೆಯ ಇಲಿಯಾಕ್‌ನಲ್ಲಿ ಬ್ಲಾಕ್. ನಾನು ಬಲಗಾಲು ನೋಡಿ ಡಿಲೇ ಆರಿಸಿದೆ. ಕಳೆದ ಮೇಲೆ ಬಲಗಾಲಿನಲ್ಲಿ ಮೂರು ಆರ್ಟರಿಯೂ ಪಾದದವರೆಗೆ ಹೊಳೆಯುತ್ತಿತ್ತು. ಎಡ ಮೀನಖಂಡ ಪೂರ್ತಿ ಖಾಲಿ. ಫಿಲಂ ಕಳಿಸಲು ಕೈ ಚಾಚಿದ್ದೆ. ಸೀನಿಯರ್ ಮೇಡಂ ಬಂದು, 'ಕಳೆಯೋ ಮೊದಲಿನ ಎರಡೂ ಚಿತ್ರ ತೆಗಿ' ಅಂದರು. ತೆಗೆದರೆ, ಎಡಗಾಲಿನ ಆರ್ಟರಿ ಎರಡರಲ್ಲೂ ಬೆಳ್ಳಗೆ ಇತ್ತು! ಮೇಲೆ ಬ್ಲಾಕ್ ಇದ್ದದ್ದರಿಂದ ರಕ್ತ ತಡವಾಗಿ, ನಿಧಾನವಾಗಿ ಬರುತ್ತಿತ್ತು. ಕಪ್ಪಾಗಲೇ ಇಲ್ಲ, ಕಳೆದಾಗ ಮಾಯ. ಎಡಗಾಲಿಗೆ ಬೇರೆ ಡಿಲೇ ಇಟ್ಟು, ಫ್ಲೋ ಸ್ಪಾಯ್ಲರ್ (ನಿಧಾನ ರಕ್ತವನ್ನೂ ಕಪ್ಪಾಗಿಸುವ ಸೆಟ್ಟಿಂಗ್) ಜಾಸ್ತಿ ಮಾಡಿ ಮತ್ತೆ ತೆಗೆದೆವು. ಸಣ್ಣದಾಗಿ ಎರಡು ಆರ್ಟರಿ ಬಂದವು. ಆ ಖಾಲಿ ಕಾಲು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ಆದ್ದರಿಂದ ಎಫ್‌ಬಿಐ ಹಾಕುವುದಾದರೆ ಪ್ರತಿ ಸ್ಟೇಷನ್‌ಗೂ ಡಿಲೇ ಹುಡುಕುವ ಚಿಕ್ಕ ಸ್ಕ್ಯಾನ್ ಮಾಡಿ. ಸೊಂಟಕ್ಕೆ ಬರುವ ಹೊತ್ತಿಗೂ ಪಾದಕ್ಕೆ ಬರುವ ಹೊತ್ತಿಗೂ ವ್ಯತ್ಯಾಸ ಇರುತ್ತದೆ. ಎರಡು ಕಾಲನ್ನೂ ಬೇರೆ ಬೇರೆಯಾಗಿ ನೋಡಿ. ಪಾದದ ಹುಣ್ಣಿನ ವಿಷಯ ಇಲ್ಲಿ ಬರುತ್ತದೆ. ಸೋಂಕು ಇರುವ ಕಾಲಿಗೆ ರಕ್ತ ಎಲ್ಲ ಹೊತ್ತೂ ಜೋರಾಗಿ ಓಡುತ್ತಿರಬಹುದು. ಆಗ ಹೃದಯ ಸಡಿಲವಾದಾಗಲೂ ಆರ್ಟರಿ ಬೆಳ್ಳಗಾಗುವುದಿಲ್ಲ, ಮತ್ತೆ ಮಾಯ. ಬಡಿತ ಏರುಪೇರು ಇರುವವರಿಗೆ, ಅದರಲ್ಲೂ ಏಟ್ರಿಯಲ್ ಫಿಬ್ರಿಲೇಶನ್ ಇದ್ದರೆ, ನಾನು ಇದನ್ನು ಹಾಕುವುದೇ ಇಲ್ಲ.

ಹಾಗಿದ್ದರೆ ಯಾಕೆ ಬೇಕು? ಅಡ್ಡ ಓಡುವ ಆರ್ಟರಿ, ಸುತ್ತಿಕೊಂಡ ಆರ್ಟರಿ ಇದಕ್ಕೆ ಲೆಕ್ಕಕ್ಕಿಲ್ಲ. ಬ್ಲಾಕ್‌ನ ಕೆಳಗೆ ಅಡ್ಡನಾಳದಿಂದ ತುಂಬಿ, ಸ್ವಲ್ಪ ದೂರ ಮೇಲ್ಮುಖವಾಗಿ ಹರಿಯುವ ರಕ್ತವನ್ನೂ ತೋರಿಸುತ್ತದೆ. ಕ್ವಿಸ್‌ನಲ್ಲೂ ಟಿಓಎಫ್‌ನಲ್ಲೂ ಆ ರಕ್ತ ವೇನ್ ಜೊತೆಗೆ ಅಳಿಸಿಹೋಗಿ ಬ್ಲಾಕ್ ಇರುವುದಕ್ಕಿಂತ ಉದ್ದವಾಗಿ ಕಾಣುತ್ತದೆ. ಇನ್ನೊಂದು ಅನುಕೂಲ ಲೋಹದ ಹತ್ತಿರ. ಮೂಲದಲ್ಲಿ ಇದು ಸ್ಪಿನ್ ಎಕೋ, ಲೋಹದ ಕಾಟ ಸ್ವಲ್ಪ ತಾಳುವ ಬಗೆ, ಹಾಗಾಗಿ ಮಂಡಿ ಬದಲಾಯಿಸಿದವರಲ್ಲಿ ಕ್ವಿಸ್‌ಗಿಂತ ಕಪ್ಪು ಗುಂಡಿ ಚಿಕ್ಕದು. ಸ್ಟೆಂಟ್ ಒಳಗಿನ ಆರ್ಟರಿ ಮಾತ್ರ ಯಾವುದರಲ್ಲೂ ನಂಬುವ ಹಾಗಿಲ್ಲ. ಅಷ್ಟು ಜಾಗಕ್ಕೆ ಡಾಪ್ಲರ್ ನೋಡಲೇಬೇಕು.

ಟಿಓಎಫ್: ಹಳೆಯದು, ಆದರೆ ಬಿಸಾಡಬೇಡಿ

ಸ್ಲೈಸ್ ಒಳಗೆ ಹೊಸದಾಗಿ ಹರಿದು ಬರುವ ರಕ್ತ ಬೆಳ್ಳಗೆ ಕಾಣುವ ವಿಧಾನ ಇದು. ಎಲ್ಲ ಮೆಷಿನ್‌ನಲ್ಲೂ ಇರುತ್ತದೆ, ಬೇರೆ ಲೈಸೆನ್ಸ್ ಬೇಡ. ಈಸಿಜಿ ಇಲ್ಲದೆಯೂ ನಡೆಯುತ್ತದೆ. ಆದರೆ ಇಡೀ ಕಾಲಿಗೆ ಹಾಕಿದರೆ ಒಂದು ಗಂಟೆ ದಾಟಬಹುದು. ಅಷ್ಟು ಹೊತ್ತು ನೋವಿನ ಕಾಲು ಸುಮ್ಮನಿರುವುದಿಲ್ಲ, ಚಿತ್ರದಲ್ಲಿ ಆರ್ಟರಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕಿರಿದಾದ ಜಾಗದಲ್ಲಿ ರಕ್ತ ಸುಳಿ ತಿರುಗಿ ಸಿಗ್ನಲ್ ಹೋಗಿ, ಅರ್ಧ ಬ್ಲಾಕ್ ಪೂರ್ತಿ ಬ್ಲಾಕ್‌ನಂತೆ ಕಾಣುವುದೂ ಇದರಲ್ಲೇ ಜಾಸ್ತಿ.

ಹಾಕಲೇಬೇಕಾದರೆ ಸ್ಲೈಸ್ ಆರ್ಟರಿಗೆ ಅಡ್ಡವಾಗಿರಲಿ, ಟಿಇ (ಸಿಗ್ನಲ್ ಓದುವವರೆಗಿನ ಸಮಯ) ಆದಷ್ಟು ಕಡಿಮೆ ಇರಲಿ. ಸ್ಯಾಚುರೇಶನ್ ಬ್ಯಾಂಡನ್ನು ಸ್ಲೈಸ್‌ಗೆ ತೀರಾ ಅಂಟಿಸಬೇಡಿ. ಚೆನ್ನಾಗಿರುವ ಕಾಲಿನಲ್ಲಿ ರಕ್ತ ಮುಂದೆ ಹೋಗಿ, ಕ್ಷಣ ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತದೆ. ಹಿಂದೆ ಬಂದದ್ದು ಬ್ಯಾಂಡ್‌ನಲ್ಲಿ ಸಿಗ್ನಲ್ ಕಳೆದುಕೊಂಡು ಬಂದರೆ ಆರ್ಟರಿಯಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಬಡಿತ ತೀರಾ ಏರುಪೇರು ಇದ್ದು, ಬೇಕಾಗಿರುವುದು ಒಂದು ಗೇಣು ಜಾಗ ಮಾತ್ರ ಅಂದಾಗ ನಾನು ಟಿಓಎಫ್‌ಗೆ ಹೋಗುತ್ತೇನೆ.

ಫೇಸ್ ಕಾಂಟ್ರಾಸ್ಟ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದು ರಕ್ತದ ವೇಗ ಅಳೆಯಲು ಒಳ್ಳೆಯದು. ಇಡೀ ಕಾಲಿನ ಚಿತ್ರಕ್ಕೆ ಬೇಡ.

ಟೇಬಲ್ ಮೇಲೆ

ಯಾವ ಸೀಕ್ವೆನ್ಸ್ ಆರಿಸಿದರೂ ಈ ಕೆಲಸ ತಪ್ಪುವುದಿಲ್ಲ. ಮೊದಲು ಶೌಚಾಲಯಕ್ಕೆ ಕಳಿಸಿ. ಮಂಡಿ ಕೆಳಗೆ ತೆಳು ದಿಂಬು ಇಡಿ, ಮೀನಖಂಡ ಟೇಬಲ್‌ಗೆ ಒತ್ತದಿರಲಿ, ಒತ್ತಿದರೆ ನಾಳ ಚಪ್ಪಟೆಯಾಗುತ್ತದೆ. ಪಾದದ ಎರಡೂ ಬದಿಗೆ ಮರಳಿನ ಚೀಲ, ಮೇಲೆ ಅಗಲವಾದ ಪಟ್ಟಿ. ಎರಡು ಬರಿಗಾಲು ಒಂದಕ್ಕೊಂದು ತಾಗಬಾರದು, ನಡುವೆ ಪ್ಯಾಡ್ ಇರಲೇಬೇಕು. ಇಲ್ಲದಿದ್ದರೆ ಚರ್ಮ ಸುಡುವ ಅಪಾಯ ಇದೆ. ಹೊದಿಕೆ ಹಾಕಿ. ಹೊರಗಿನ ಸೆಕೆಯಿಂದ ಬಂದವರಿಗೆ ನಮ್ಮ ಎಸಿ ರೂಮ್ ಚಳಿ ಹಿಡಿಸುತ್ತದೆ. ನಡುಗಿದರೆ ಚಿತ್ರ ಹೋಯಿತು, ಚಳಿಗೆ ನಾಳವೂ ಕುಗ್ಗುತ್ತದೆ.

ನೋವಿನ ವಿಷಯ ಕೇಳಿಯೇ ಮಲಗಿಸಿ. ಬಿಜಾಪುರದ ಕಡೆಯ ಒಬ್ಬ ಕಾಕಾ ಹೇಳಿದ್ದರು, 'ಮಲಗಿದ್ರ ಕಾಲು ಉರಿತಾವ ತಮ್ಮಾ, ಕೆಳಗ ಬಿಟ್ರ ಆರಾಮ ಅನಸ್ತದ.' ರಕ್ತ ತೀರಾ ಕಡಿಮೆ ಇರುವ ಕಾಲಿನ ಲಕ್ಷಣವೇ ಅದು. ಇಂಥವರಿಗೆ ಡಾಕ್ಟರನ್ನು ಕೇಳಿ ನೋವಿನ ಮಾತ್ರೆ ಮೊದಲೇ ಕೊಡಿಸಿ, ಮುಖ್ಯವಾದ ಸ್ಟೇಷನ್ ಮೊದಲು ತೆಗೆಯಿರಿ. ಪಾದ ಮುಖ್ಯ ಅಂದರೆ ಪಾದದಿಂದಲೇ ಶುರು ಮಾಡಿ, ಸೊಂಟ ಆಮೇಲೆ. ಎಷ್ಟು ಹೊತ್ತು, ಎಲ್ಲಿ ಉಸಿರು ಹಿಡಿಯಬೇಕು ಅನ್ನುವುದನ್ನು ಅವರ ಮಾತಿನಲ್ಲೇ ಹೇಳಿ. ಕನ್ನಡದ ಅಜ್ಜಿಗೆ ಹಿಂದಿಯಲ್ಲಿ 'ಹಿಲ್ನಾ ಮತ್' ಅಂದರೆ ಅವರು ಗಾಬರಿಯಿಂದ ತಲೆ ಎತ್ತಿ ನೋಡುತ್ತಾರೆ.

ಹಾಗಾದರೆ ಯಾರಿಗೆ ಯಾವುದು

ಬಡಿತ ಸಮ, 90ರ ಒಳಗೆ, ಲೋಹ ಇಲ್ಲ, ಇಡೀ ಕಾಲು ಬೇಕು: ಕ್ವಿಸ್. ತುಂಬಾ ಹೊತ್ತು ಮಲಗಲಾರದವರಿಗೂ ಕ್ವಿಸ್ಸೇ. ಅದರಲ್ಲಿ ಅನುಮಾನದ ಜಾಗ ಕಂಡು, ರೋಗಿ ಇನ್ನೂ ಹತ್ತು ನಿಮಿಷ ಸುಮ್ಮನೆ ಮಲಗಬಲ್ಲರು ಅಂದರೆ, ಆ ಒಂದು ಸ್ಟೇಷನ್‌ಗೆ ಮಾತ್ರ ಎಫ್‌ಬಿಐ. ಈ ಜೋಡಿ ನನಗೆ ಬಹಳ ಸಲ ಕೈಹಿಡಿದಿದೆ. ಬ್ಲಾಕ್ ಎಷ್ಟು ಉದ್ದ ಅನ್ನುವುದೇ ಸರ್ಜನ್ ಪ್ರಶ್ನೆ, ಬಡಿತ ಚೆನ್ನಾಗಿದೆ, ಮಂಡಿಯಲ್ಲಿ ಲೋಹ ಇದೆ ಅಂದರೆ ಎಫ್‌ಬಿಐ ಮೊದಲು. ಬಡಿತ ತೀರಾ ಏರುಪೇರು, ಪಾದದಲ್ಲಿ ಹುಣ್ಣು, ಕಿಡ್ನಿಯೂ ಕೆಟ್ಟಿದೆ ಅನ್ನುವವರು ಅತಿ ಕಷ್ಟದವರು. ಕ್ವಿಸ್ ಒಂದು ಸಲ ಪ್ರಯತ್ನಿಸಿ, ಪಟ್ಟೆ ಬಂದ ಜಾಗಕ್ಕೆ ಟಿಓಎಫ್ ಹಾಕಿ, ಅಷ್ಟಕ್ಕೂ ಬರದಿದ್ದರೆ ರೇಡಿಯಾಲಜಿಸ್ಟ್‌ಗೆ ಆವಾಗಲೇ ಫೋನ್ ಮಾಡಿ. ಹೊಸ ಬಗೆಯ ಕಾಂಟ್ರಾಸ್ಟ್ ಕೊಡಬಹುದಾ ಅಂತ ರೋಗಿ ಟೇಬಲ್ ಮೇಲಿರುವಾಗಲೇ ತೀರ್ಮಾನವಾದರೆ ಅವರು ಇನ್ನೊಂದು ದಿನ ಬರುವುದು ತಪ್ಪುತ್ತದೆ.

ಖರ್ಚಿನ ಮಾತು ಮನೆಯವರಿಗೆ. ಕಾಂಟ್ರಾಸ್ಟ್ ಬಾಟಲಿಯ ದುಡ್ಡು ಉಳಿಯುತ್ತದೆ, ಆದರೆ ಮೆಷಿನ್ ಸಮಯ ಹಿಡಿಯುತ್ತದೆ. ಬುಕ್ ಮಾಡುವಾಗ 'ಕಾಂಟ್ರಾಸ್ಟ್ ಇಲ್ಲದೆ ಕಾಲಿನ ಆಂಜಿಯೋ ಮಾಡ್ತೀರಾ, ಯಾವ ಸೀಕ್ವೆನ್ಸ್ ಇದೆ, ತಿಂಗಳಿಗೆ ಎಷ್ಟು ಮಾಡ್ತೀರಿ' ಅಂತ ಕೇಳಿ. ಬರೀ ಟಿಓಎಫ್ ಇರುವ ಸೆಂಟರ್ ಕಡಿಮೆ ರೇಟು ಹೇಳಿದರೂ ಇಡೀ ಕಾಲಿಗೆ ನಾನು ಅಲ್ಲಿಗೆ ಕಳಿಸುವುದಿಲ್ಲ. ಡಾಪ್ಲರ್ ಇನ್ನೂ ಆಗಿಲ್ಲವಾದರೆ ಮೊದಲು ಅದನ್ನು ಮಾಡಿಸಿ, ಖರ್ಚೂ ಕಡಿಮೆ. ಸಿಟಿ ಆಂಜಿಯೋ ಬೇಗ ಮುಗಿಯುತ್ತದೆ. ಆದರೆ ಅದಕ್ಕೆ ಅಯೋಡಿನ್ ಕಾಂಟ್ರಾಸ್ಟ್ ಬೇಕು. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರ ನಾಳದ ಗೋಡೆಯ ಕ್ಯಾಲ್ಸಿಯಂ ಅಲ್ಲಿ ಬೆಳ್ಳಗೆ ಹರಡಿ ಒಳಗಿನ ದಾರಿಯನ್ನೇ ಮುಚ್ಚುತ್ತದೆ. ಎಂಆರ್‌ನಲ್ಲಿ ಆ ತೊಂದರೆ ಇಲ್ಲ.

ಟೆಕ್ನಿಷಿಯನ್‌ಗಳಿಗೆ ಕೊನೆಯದಾಗಿ ಒಂದು ಕೆಲಸ. ಎಂಐಪಿ (ಎಲ್ಲ ಸ್ಲೈಸ್ ಒಟ್ಟುಗೂಡಿಸಿ ನಾಳ ತೋರಿಸುವುದು) ಮಾಡಿದ ಚೆಂದದ ಚಿತ್ರ ಒಂದನ್ನೇ ಕಳಿಸಬೇಡಿ, ಮೂಲ ಸ್ಲೈಸ್‌ಗಳನ್ನೂ ಕಳಿಸಿ. ಎಫ್‌ಬಿಐ ಆದರೆ ಕಳೆಯುವ ಮೊದಲಿನ ಎರಡೂ ಸೆಟ್ ಹೋಗಲಿ. ಜೊತೆಗೆ ನಾಲ್ಕು ಸಾಲು ಬರೆಯಿರಿ: ನಾಡಿ ಎಷ್ಟಿತ್ತು, ಎಷ್ಟನೇ ಸ್ಟೇಷನ್‌ನಲ್ಲಿ ಕಾಲು ಅಲುಗಿತು, ಲೋಹ ಎಲ್ಲಿದೆ, ಯಾವ ಜಾಗ ನಿಮಗೇ ಅನುಮಾನ. ರಿಪೋರ್ಟ್ ಬರೆಯುವ ಡಾಕ್ಟರ್ ರೋಗಿಯನ್ನು ನೋಡಿರುವುದಿಲ್ಲ. ನೀವು ನೋಡಿರುತ್ತೀರಿ.